ಪೆಡಲಿನ ಅರ್ಧ ಇಂಚು

ಒಬ್ಬ ಡ್ರೈವರ್‌ನ ಕಾಲಿಗೆ ಸ್ಪರ್ಶವಿಲ್ಲ ಎಂದು ಎಂಟು ಜನ ಹಿರಿಯರ ಮುಂದೆ ಹೇಳಿ, ಅವರನ್ನು ಸೀಟಿನಿಂದ ಇಳಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಡ್ರಮ್ಮು, ಆಯಿಲು, ನಟ್ಟು ಅಂತೆಲ್ಲ ಮಾತಾಡುವಾಗ ನೀವು ನನ್ನನ್ನು ದೊಡ್ಡ ಮೇಸ್ತ್ರಿ ಅಂದುಕೊಂಡುಬಿಡಬಾರದು.

ತೊಂಬತ್ತರ ದಶಕದ ನಡುಭಾಗ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ನನ್ನ ಗ್ಯಾರೇಜು. ಲಾರಿ, ಟೆಂಪೋಗಳ ಬ್ರೇಕ್ ಕೆಲಸ ಅಂದರೆ ಸುತ್ತಮುತ್ತಲಿನವರು ನನ್ನ ಹತ್ತಿರವೇ ಬರುತ್ತಿದ್ದರು. ಆ ಹೆಮ್ಮೆ ನನಗೆ ತುಸು ಜಾಸ್ತಿಯೇ ಇತ್ತು. ನಮ್ಮಮ್ಮ ಹೇಳುತ್ತಿದ್ದಳು, "ನಿನ್ನ ಕೈ ಚೆನ್ನಾಗಿದೆ, ಬಾಯಿಗೆ ಮಾತ್ರ ಬ್ರೇಕಿಲ್ಲ" ಅಂತ. ನಾನು ಅದನ್ನೂ ಹೊಗಳಿಕೆ ಅಂತಲೇ ತಿಳಿದಿದ್ದೆ.

ಪೇಟೆಯ ಕೆಲವು ಹಿರಿಯರು ಸೇರಿಕೊಂಡು ಒಂದು ಸಂಘ ನಡೆಸುತ್ತಿದ್ದರು. ಯಾರ ಮನೆಯಲ್ಲಿ ಸಾವಾದರೂ ಜಾತಿ ಗೀತಿ ಕೇಳದೆ ಹೆಣ ಸಾಗಿಸಲು ಗಾಡಿ ಕಳಿಸುವುದು ಅವರ ಕೆಲಸ. ಆ ಗಾಡಿ ಮಿಲಿಟರಿಯವರು ಹರಾಜಿನಲ್ಲಿ ಹೊರಗೆ ಹಾಕಿದ ಹಳೇ ಲಾರಿ. ಯಾವ ಯುದ್ಧ ನೋಡಿತ್ತೋ, ಅಥವಾ ಯಾವುದೋ ಕ್ಯಾಂಪಿನಲ್ಲಿ ಬರೀ ಆಲೂಗಡ್ಡೆ ಹೊತ್ತಿತ್ತೋ, ದೇವರೇ ಬಲ್ಲ. ಮೇಲೆ ಕಪ್ಪು ಬಣ್ಣ ಬಳಿದಿದ್ದರೂ ಎಲ್ಲಿ ಕೆರೆದರೂ ಹಸಿರೇ ಕಾಣುತ್ತಿತ್ತು. ಪೇಟೆಯವರೆಲ್ಲ ಅದನ್ನು 'ಮಿಲಿಟರಿ' ಎಂದೇ ಕರೆಯುತ್ತಿದ್ದರು. "ಫೋನ್ ಮಾಡಿ, ಮಿಲಿಟರಿ ಬರುತ್ತೆ" ಎಂದರೆ ಯಾರದೋ ಮನೆಯಲ್ಲಿ ಕಣ್ಣೀರು ಎಂದೇ ಅರ್ಥ.

ಅದನ್ನು ಓಡಿಸುತ್ತಿದ್ದವರು ಅರವತ್ತಕ್ಕೆ ಹತ್ತಿರವಿದ್ದ ಒಬ್ಬರು. ಎಲ್ಲರ ಬಾಯಲ್ಲೂ ಡ್ರೈವರಣ್ಣ. ಹದಿನೈದು ವರ್ಷ ಅದೇ ಸೀಟಿನಲ್ಲಿ ಕೂತವರು. ಹೆಣ ಇಟ್ಟ ಮೇಲೆ ಚಪ್ಪಲಿ ಬಿಟ್ಟು, ಸ್ಟಿಯರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಗಾಡಿ ಏರುತ್ತಿದ್ದರು. ಬರಿಗಾಲಲ್ಲೇ ಓಡಿಸುತ್ತಿದ್ದರು. ಓಡಿಸುವುದು ಅಂತ ಹೇಳುವುದೇ ತಪ್ಪು. ಮುಂದೆ ತಮಟೆ, ಅದರ ಹಿಂದೆ ಬೆಂಕಿ ಮಡಕೆ ಹಿಡಿದ ಮಗ, ಅವನ ಬೆನ್ನಿಗೆ ನಾಲ್ಕೇ ಅಡಿ ದೂರದಲ್ಲಿ ಈ ದೈತ್ಯ ಲಾರಿ. ಅವನು ನಡೆದಷ್ಟೇ ಇದು ನಡೆಯಬೇಕು. ಅವನು ಅಳುತ್ತಾ ನಿಂತುಬಿಟ್ಟರೆ ಇದೂ ನಿಲ್ಲಬೇಕು.

ಒಂದು ಸಲ ಹಾಗೆ ಒಬ್ಬ ಹುಡುಗ ಥಟ್ಟನೆ ನಿಂತ. ಗಾಡಿ ನಿಲ್ಲುವಷ್ಟರಲ್ಲಿ ಬಂಪರ್ ಅವನ ಒದ್ದೆ ಪಂಚೆಯ ಬೆನ್ನಿಗೆ ತಾಗಿತು. ಪೆಟ್ಟೇನೂ ಆಗಲಿಲ್ಲ, ಆದರೆ ಕೈಯ ಮಡಕೆ ಜಾರಿ ರಸ್ತೆಯಲ್ಲೇ ಒಡೆಯಿತು. ರುದ್ರಭೂಮಿಯಲ್ಲಿ ಒಡೆಯಬೇಕಾದ ಮಡಕೆ ನಡುದಾರಿಯಲ್ಲಿ ಒಡೆದರೆ ಜನ ಸುಮ್ಮನಿರುತ್ತಾರೆಯೇ? ಅಪಶಕುನ ಅಂತ ಬಾಯಿಗೆ ಬಂದಂತೆ ಬೈದರು. ಮಾರನೇ ದಿನ ಡ್ರೈವರಣ್ಣ ಗಾಡಿ ತಂದು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದರು.

"ಮೇಸ್ತ್ರಿ, ಪೆಡಲ್ ಒತ್ತಿದ್ರೆ ಮೊದ್ಲು ಒಂದರ್ಧ ಇಂಚು ಸುಮ್ನೆ ಹೋಗುತ್ತೆ. ಆಮೇಲೆ ಹಿಡಿಯುತ್ತೆ. ಆ ಅರ್ಧ ಇಂಚು ನಂಗೆ ಬೇಡ. ಕಾಲಿಟ್ಟ ತಕ್ಷಣ ಹಿಡೀಬೇಕು, ಹಂಗೆ ಮಾಡ್ಕೊಡಪ್ಪ."

ಬೇಡ ಎಂದು ಹೇಳಬೇಕಾದವನು ನಾನು. ಆ ಅರ್ಧ ಇಂಚಿನ ಸಡಿಲವನ್ನು ನಾವು 'ಪ್ಲೇ' ಎನ್ನುತ್ತೇವೆ. ಅದು ಗಾಡಿ ಮಾಡಿದವರ ಮರೆವಲ್ಲ, ಬೇಕೆಂದೇ ಇಟ್ಟಿದ್ದು. ಆದರೆ ಅವರ ಮುಖ ನೋಡಿ ನನಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಆಗಷ್ಟೇ ಹೊಸದಾಗಿ ಹಾಕಿಕೊಟ್ಟಿದ್ದೆ. ಪೆಡಲಿನಿಂದ ಅದಕ್ಕೆ ಹೋಗುವ ರಾಡನ್ನು ತಿರುಗಿಸಿ ತಿರುಗಿಸಿ, ಇನ್ನು ಕೂದಲೆಳೆಯಷ್ಟೇ ಜಾಗ ಅನ್ನುವ ತನಕ ತಂದೆ. ನಟ್ಟು ಬಿಗಿದು, ನನ್ನ ಅಭ್ಯಾಸದಂತೆ ಅದರ ಮೇಲೆ ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟೆ. ನನ್ನ ಕೈ ಮುಟ್ಟಿದ ನಟ್ಟು, ಬೇರೆ ಯಾರೂ ಬಿಚ್ಚಬಾರದು ಅಂತ. ಡ್ರೈವರಣ್ಣ ಪೆಡಲ್ ಒತ್ತಿ ನೋಡಿ, "ಆಹಾ! ಈಗ ನನ್ ಕಾಲು ಹೇಳಿದ್ದನ್ನ ಕೇಳುತ್ತೆ" ಎಂದು ಖುಷಿಪಟ್ಟರು.

ನಾನು ಆ ದಿನವೇ ಅದನ್ನು ಮರೆತುಬಿಟ್ಟೆ.

ಒಂದೆರಡು ತಿಂಗಳು ಕಳೆದು ಬೇಸಿಗೆ ಬಂದಿತ್ತು. ಒಂದು ಮಧ್ಯಾಹ್ನದ ಮೆರವಣಿಗೆಯಲ್ಲಿ ಮಿಲಿಟರಿ ನಡುರಸ್ತೆಯಲ್ಲಿ ನಿಂತಿತು. ಇಂಜಿನ್ ಓಡುತ್ತಿದೆ, ಗೇರ್ ಬೀಳುತ್ತಿದೆ, ಗಾಡಿ ಮಾತ್ರ ಮುಂದಕ್ಕೆ ಹೋಗಲೊಲ್ಲದು. ನಾಲ್ಕೂ ಚಕ್ರ ಜಾಮ್. ಸತ್ತವರು ಒಬ್ಬ ಮುದುಕರು. ಜನ ಬಂದು ನೋಡಿದರು, ತಳ್ಳಿದರು. ಕೊನೆಗೆ ಒಬ್ಬ ಹಿರಿಯರು, "ಹೋಗೋಕೆ ಮನಸ್ಸಿಲ್ಲ, ಏನೋ ಆಸೆ ಉಳಿದಿದೆ" ಎಂದರು. ಹೆಣದ ಮುಂದೆ ಕರ್ಪೂರ ಹಚ್ಚಿ, ಕಾಯಿ ಒಡೆದು, "ನಿನ್ ಹೆಂಡ್ತೀನ ನಾವು ನೋಡ್ಕೋತೀವಿ, ನೆಮ್ಮದಿಯಾಗಿ ಹೋಗಪ್ಪ" ಎಂದು ಕೈಮುಗಿದರು. ಅಷ್ಟು ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಡ್ರೈವರಣ್ಣ ಗೇರ್ ಹಾಕಿದರೆ ಗಾಡಿ ಹೂವಿನ ಹಾಗೆ ಮುಂದಕ್ಕೆ ಹೋಯಿತು. "ಒಪ್ಕೊಂಡ್ರು, ಒಪ್ಕೊಂಡ್ರು" ಎಂದು ಎಲ್ಲರೂ ಗಲ್ಲ ಬಡಿದುಕೊಂಡರು.

ಎರಡನೇ ಸಲವೂ ಹೀಗೇ ಆಯಿತು. ಮೂರನೇ ಸಲ ಆದದ್ದು ಮಾತ್ರ ಕೇಳಲಾಗದ ಸಂಗತಿ. ಸತ್ತವಳು ತಾಯಿ, ಮಡಕೆ ಹಿಡಿದವನು ಒಬ್ಬನೇ ಮಗ. ಗಾಡಿ ನಿಂತಿತು. ಕಾಯಿ ಒಡೆದರೂ ಕದಲಲಿಲ್ಲ. ಗುಂಪಿನಲ್ಲಿ ಯಾರೋ ಗುಸುಗುಸು ಅಂದರು: "ಹೊಟ್ಟೆಗೆ ಸರಿಯಾಗಿ ಹಾಕಿಲ್ಲ ಅಂತ ಕಾಣುತ್ತೆ, ಅದಕ್ಕೇ ಹೋಗ್ತಿಲ್ಲ ಆ ತಾಯಿ." ಮಗನ ಕಿವಿಗೆ ಬಿತ್ತು. ಅವನು ನಡುರಸ್ತೆಯಲ್ಲಿ ಮಂಡಿಯೂರಿ, "ಅಮ್ಮಾ, ನಾನು ಹಾಕಿದೀನಿ, ನೀನೇ ಹೇಳಮ್ಮಾ" ಎಂದು ಗೋಳೋ ಎಂದು ಅತ್ತನಂತೆ. ಡ್ರೈವರಣ್ಣ ಗಾಡಿ ತಂದು ನಿಲ್ಲಿಸಿ ಇದನ್ನೆಲ್ಲ ನನಗೆ ಹೇಳಿದರು. "ಇದು ಹೆಣದ ತಪ್ಪಲ್ಲ ಮೇಸ್ತ್ರಿ, ಗಾಡಿ ತಪ್ಪು. ದಯವಿಟ್ಟು ಕಂಡುಹಿಡಿ" ಎಂದರು.

ಕಂಡುಹಿಡಿಯಲು ನಾನೇನು ಕಮ್ಮಿ ಹೆಣಗಿದೆನೇ! ಗಾಡಿ ಗ್ಯಾರೇಜಿಗೆ ಬರುವ ಹೊತ್ತಿಗೆ ತಣ್ಣಗಾಗಿರುತ್ತಿತ್ತು. ಜಾಕ್ ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿದರೆ ನಾಲ್ಕೂ ಚಕ್ರ ಬುಗುರಿಯಂತೆ ತಿರುಗುತ್ತಿದ್ದವು. ಚಕ್ರದ ಬ್ರೇಕ್ ಡ್ರಮ್ ತೆಗೆದರೆ ಒಳಗೆ ಸುಟ್ಟ ವಾಸನೆ, ಕಬ್ಬಿಣ ನೀಲಿಗಟ್ಟಿತ್ತು. ಡ್ರಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ಶೂಗಳನ್ನು ವಾಪಸ್ ಎಳೆಯುವ ಸ್ಪ್ರಿಂಗುಗಳನ್ನು ಬದಲಿಸಿದೆ. ಹಳೇ ರಬ್ಬರ್ ಪೈಪು ಒಳಗೊಳಗೇ ಊದಿಕೊಂಡು ಆಯಿಲ್ ಹಿಂದಕ್ಕೆ ಬಿಡುವುದಿಲ್ಲ, ಅದನ್ನೂ ಬದಲಿಸಿದೆ. ಚಕ್ರದ ಸಿಲಿಂಡರುಗಳ ರಬ್ಬರು ಹೊಸದು ಹಾಕಿದೆ. ಬ್ರೇಕ್ ಆಯಿಲ್ ಪೂರ್ತಿ ಚೆಲ್ಲಿ ಹೊಸದು ತುಂಬಿದೆ. ಮೈಸೂರು ರಸ್ತೆಯಲ್ಲಿ ಜೋರಾಗಿ ಓಡಿಸಿ ನೋಡಿದೆ. ಗಾಡಿ ಅಂದರೆ ಗಾಡಿ! ಏನೂ ತೊಂದರೆಯಿಲ್ಲ. ಮಾಸ್ಟರ್ ಸಿಲಿಂಡರ್ ಒಂದನ್ನು ಮಾತ್ರ ನಾನು ಮುಟ್ಟಲಿಲ್ಲ. ಅದು ಹೊಸದು, ಹಾಕಿದವನು ನಾನು, ನಟ್ಟಿನ ಮೇಲೆ ನನ್ನದೇ ಕೆಂಪು ಚುಕ್ಕೆ. ಇನ್ನು ಅದನ್ನೇನು ನೋಡುವುದು?

ಆಗಲೇ ನನ್ನ ಕಣ್ಣಿಗೆ ಬಿದ್ದದ್ದು ಡ್ರೈವರಣ್ಣನ ಕಾಲು. ಒಂದು ದಿನ ಗ್ಯಾರೇಜಿನಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದರು. ನೆಲದ ಮೇಲೆ ಸಾಲಾಗಿ ರಕ್ತದ ಗುರುತು. ನೋಡಿದರೆ ಹೆಬ್ಬೆರಳಿನ ಕೆಳಗೆ ಕಬ್ಬಿಣದ ಚೂರು ಚುಚ್ಚಿಕೊಂಡಿದೆ, ಅವರಿಗೆ ಗೊತ್ತೇ ಇಲ್ಲ. "ಸಕ್ಕರೆ ಕಾಯಿಲೆ ಕಣಪ್ಪ, ಪಾದ ಸ್ವಲ್ಪ ಮರಗಟ್ಟಿದೆ" ಎಂದು ನಗುತ್ತಾ ಕಿತ್ತುಹಾಕಿದರು. ನನ್ನ ತಲೆಯಲ್ಲಿ ದೀಪ ಹತ್ತಿದಂತಾಯಿತು. ಕಾಲು ಪೆಡಲಿನ ಮೇಲೇ ಇದ್ದರೂ ಈ ಮನುಷ್ಯನಿಗೆ ಗೊತ್ತಾಗುತ್ತಿಲ್ಲ. ಒತ್ತಿಕೊಂಡೇ ಓಡಿಸುತ್ತಾರೆ, ಡ್ರಮ್ ಕಾಯುತ್ತದೆ, ಜಾಮ್ ಆಗುತ್ತದೆ. ಸಿಕ್ಕಿತಲ್ಲ ಕಾರಣ!

ಸಂಘದ ಅಧ್ಯಕ್ಷರು ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ಇಟ್ಟಿದ್ದವರು. ಗಂಭೀರ ಮನುಷ್ಯ. ಸಭೆಗೆ ನನ್ನನ್ನು ಕರೆಸಿ, "ಸತ್ತೋರ ಮೇಲೆ ಜನ ಅಪವಾದ ಹಾಕ್ತಿದಾರೆ ಮೇಸ್ತ್ರಿ. ತಪ್ಪು ಎಲ್ಲಿದೆ, ನಿಜ ಹೇಳಿ" ಎಂದರು.

ನಾನು ನಿಂತುಕೊಂಡು ಹೇಳಿದೆ. ಗಾಡಿಯಲ್ಲಿ ಬದಲಾಯಿಸದೆ ಉಳಿದ ಸಾಮಾನಿಲ್ಲ, ತಪ್ಪು ಗಾಡಿಯದಲ್ಲ, ಓಡಿಸುವವರ ಕಾಲಿನದು. ರಕ್ತದ ಕಥೆಯನ್ನೂ ಬಣ್ಣ ಕಟ್ಟಿ ಹೇಳಿದೆ. "ಇವತ್ತು ಗಾಡಿ ನಿಲ್ತಿದೆ. ನಾಳೆ ಅದೇ ಕಾಲು ಮಡಕೆ ಹಿಡಿದೋನ ಮೇಲೆ ಗಾಡಿ ಹತ್ಸುತ್ತೆ" ಎಂದೂ ಸೇರಿಸಿದೆ. ಡ್ರೈವರಣ್ಣ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದರು. ಜಗಳಕ್ಕೆ ಬರುತ್ತಾರೆ ಅಂತ ನಾನು ಕಾದೆ. ಅವರು ತಮ್ಮ ಕಾಲನ್ನೇ ನೋಡಿಕೊಂಡು, "ಇರಬೌದು" ಎಂದರು. ಅಷ್ಟೇ. ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಆ ದಿನ ನನಗೆ ಏನೂ ಹೋದಂತೆ ಅನ್ನಿಸಲಿಲ್ಲ. ಗೆದ್ದೆ ಅನ್ನಿಸಿತು. ಹಾಳಾದ ಹೆಮ್ಮೆ!

ಹೊಸ ಡ್ರೈವರ್ ಬಂದ. ಮೂವತ್ತರ ಆಳು, ಕಲ್ಲಿನಂಥ ಕಾಲು. ಮಳೆಗಾಲ, ಚಳಿಗಾಲ ಗಾಡಿ ಎಲ್ಲೂ ನಿಲ್ಲದೆ ಕಳೆಯಿತು. ಮತ್ತೆ ಬಿಸಿಲೇರಿದ ಮೂರನೇ ವಾರಕ್ಕೇ ಶಂಕರಪುರದ ಕಡೆಯಿಂದ ಬರುತ್ತಿದ್ದ ಮೆರವಣಿಗೆಯಲ್ಲಿ ಮಿಲಿಟರಿ ನಿಂತಿತು. ಅಧ್ಯಕ್ಷರು ಗ್ಯಾರೇಜಿಗೆ ಫೋನ್ ಮಾಡಿದರು. ಬೈಯಲಿಲ್ಲ. "ಈಗ ಯಾರ ಕಾಲು ಮೇಸ್ತ್ರಿ?" ಎಂದು ಕೇಳಿ ಇಟ್ಟುಬಿಟ್ಟರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳು ನೆಲವನ್ನಾದರೂ ಅಂದಳು, ನಾನು ಒಬ್ಬ ಮನುಷ್ಯನನ್ನು ಅಂದಿದ್ದೆ. ಗಾಡಿ ಕೆಡುವುದು ಮೆರವಣಿಗೆಯಲ್ಲಿ, ನಾನು ಹುಡುಕುತ್ತಿರುವುದು ಗ್ಯಾರೇಜಿನಲ್ಲಿ. ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ಆ ಫೋನು ಬೇಕಾಯಿತು.

ಮುಂದಿನ ಸಾವಿಗೆ ನಾನೂ ಹೋದೆ. ಯಾರೋ ಗೊತ್ತಿಲ್ಲದ ಮನೆಯ ಅಜ್ಜಿ. ಜೇಬಿನಲ್ಲಿ ಎರಡು ಸ್ಪ್ಯಾನರ್, ಹೆಗಲ ಮೇಲೆ ಟವೆಲ್. ಗಾಡಿಯ ಪಕ್ಕದಲ್ಲೇ ನಡೆಯುತ್ತಾ ನೂರು ಹೆಜ್ಜೆಗೊಮ್ಮೆ ಡ್ರಮ್ಮಿಗೆ ಬೆರಳ ಹಿಂಭಾಗ ತಾಗಿಸಿ ನೋಡುತ್ತಿದ್ದೆ. ಜನ ನನ್ನನ್ನು ಹುಚ್ಚ ಎಂದುಕೊಂಡಿರಬೇಕು. ಮೊದಲು ಬೆಚ್ಚಗಿತ್ತು. ಆಮೇಲೆ ಬಿಸಿ. ಆಮೇಲೆ ಮುಟ್ಟಲಾಗಲಿಲ್ಲ. ಮಂಡಕ್ಕಿ, ಹೂವಿನ ನಡುವೆ ಬ್ರೇಕಿನ ಸುಟ್ಟ ವಾಸನೆ ಬಂತು. ಸ್ವಲ್ಪ ದೂರದಲ್ಲಿ ಗಾಡಿ ನಿಂತೇಬಿಟ್ಟಿತು. ಹೊಸ ಡ್ರೈವರ್ ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲಿಟ್ಟು, "ನೋಡಿ ಸಾರ್, ನನ್ ಕಾಲು ಇಲ್ಲಿದೆ!" ಎಂದು ಕೂಗಿದ.

ಮುಂದಿನ ಚಕ್ರದ ಹಿಂದೆ, ಬ್ರೇಕ್ ಆಯಿಲಿನಲ್ಲಿ ಸೇರಿಕೊಂಡ ಗಾಳಿ ತೆಗೆಯುವ ಸಣ್ಣ ನಿಪ್ಪಲ್ ಇರುತ್ತದೆ. ಅದನ್ನು ಅರ್ಧ ಸುತ್ತು ಬಿಚ್ಚಿದೆ. ಬಿಸಿ ಆಯಿಲ್ ಪಿಚಕಾರಿಯಂತೆ ನನ್ನ ಅಂಗಿಗೆ ಹಾರಿತು, ನಾಲ್ಕೂ ಚಕ್ರ ಒಟ್ಟಿಗೇ ಸಡಿಲವಾಗಿ ಗಾಡಿ ಒಂದು ಗೇಣು ಜಾರಿತು. ಅಂದರೆ ಚಕ್ರಗಳಲ್ಲಿ ದೋಷವಿಲ್ಲ. ಆಯಿಲ್ ವಾಪಸ್ ಹೋಗುವ ದಾರಿ ಮೇಲೆಲ್ಲೋ ಮುಚ್ಚಿಕೊಂಡಿದೆ. ನಿಪ್ಪಲ್ ಬಿಗಿದು, ಟವೆಲ್ ಹಾಸಿಕೊಂಡು ಗಾಡಿಯ ಕೆಳಗೆ ನುಗ್ಗಿ ಮಾಸ್ಟರ್ ಸಿಲಿಂಡರಿನ ರಾಡಿಗೆ ಕೈ ಹಾಕಿದೆ. ಅಲುಗಾಡಿಸಿದೆ. ಅಲುಗಲಿಲ್ಲ. ನನ್ನ ಮುಖದ ಎದುರಿಗೇ, ನಟ್ಟಿನ ಮೇಲೆ, ನನ್ನ ಕೆಂಪು ಚುಕ್ಕೆ.

ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿಮೊನೆಯಷ್ಟು ಒಂದು ತೂತಿದೆ. ಕಾಲು ತೆಗೆದಾಗ ಆಯಿಲ್ ಅದರ ಮೂಲಕ ತನ್ನ ಡಬ್ಬಿಗೆ ಮರಳಬೇಕು. ಪೆಡಲಿನ ಆ ಅರ್ಧ ಇಂಚು ಇರುವುದು ಆ ತೂತನ್ನು ತೆರೆದಿಡುವುದಕ್ಕೆ. ನಾನು ಉಳಿಸಿದ್ದು ಕೂದಲೆಳೆ ಜಾಗ. ತಣ್ಣಗಿದ್ದಾಗ ಅದು ಸಾಕು. ಬಿಸಿಲಲ್ಲಿ, ಗಾಳಿಯಿಲ್ಲದೆ, ಪಕ್ಕದಲ್ಲೇ ಹಾದುಹೋಗುವ ಸೈಲೆನ್ಸರ್ ಪೈಪಿನ ಕಾವಿನಲ್ಲಿ ಒಂದು ಗಂಟೆ ತೆವಳಿದರೆ ಎಲ್ಲ ಹಿಗ್ಗಿ ತೂತು ಮುಚ್ಚುತ್ತದೆ. ಹೋಗಲು ದಾರಿಯಿಲ್ಲದ ಆಯಿಲ್ ತಾನೇ ಬ್ರೇಕ್ ಹಿಡಿಯುತ್ತದೆ. ಯಾರ ಕಾಲೂ ಬೇಕಾಗಿಲ್ಲ.

ಬೆರಳು ಸುಡುತ್ತಿದ್ದರೂ ಬಿಡದೆ ನಟ್ಟು ಸಡಿಲಿಸಿ ರಾಡನ್ನು ಹಿಂದಕ್ಕೆ ತಿರುಗಿಸಿದೆ. ಹೊರಗೆ ಬಂದರೆ ಆ ಮನೆಯ ಹಿರಿಯರು ಕೈಯಲ್ಲಿ ಕಾಯಿ ಹಿಡಿದು ನಿಂತಿದ್ದರು. "ಬೇಡಿ ಯಜಮಾನ್ರೇ, ಅಜ್ಜಿಗೆ ಹೋಗೋಕೆ ಇಷ್ಟ ಇದೆ. ತಡೆದೋನು ನಾನು" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಗಾಡಿ ರುದ್ರಭೂಮಿಯ ತನಕ ಎಲ್ಲೂ ನಿಲ್ಲದೆ ನಡೆಯಿತು. ನನಗೆ ಸಂತೋಷವಾಗಲಿಲ್ಲ.

ಅಧ್ಯಕ್ಷರಿಗೆ ಎಲ್ಲವನ್ನೂ ಹೇಳಿದೆ. "ಆಗಿದ್ದಾಯ್ತು ಬಿಡಿ, ಗಾಡಿ ಸರಿ ಹೋಯ್ತಲ್ಲ" ಎಂದರು. ಆಮೇಲೆ, "ಅವರಿಗೆ ನೀವೇ ಹೇಳ್ಬೇಕು. ಬರ್ತೀನಿ ಅಂದ್ರೆ ಸೀಟು ಅವರದ್ದೇ" ಎಂದರು.

ಡ್ರೈವರಣ್ಣ ಇದ್ದದ್ದು ಹತ್ತಿರದ ಒಂದು ವಠಾರದಲ್ಲಿ. ಹೋದಾಗ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು, ಕಣ್ಣು ಮುಚ್ಚಿಕೊಂಡು. ಅವರ ಹೆಂಡತಿ ಎದುರು ಕುಕ್ಕರಗಾಲಲ್ಲಿ ಕೂತು, ತಲೆಯ ಪಿನ್ನಿನಿಂದ ಅವರ ಬಲಗಾಲ ಬೆರಳುಗಳನ್ನು ಒಂದೊಂದಾಗಿ ಚುಚ್ಚುತ್ತಿದ್ದರು. "ಎಲ್ಲಿ ಈಗ?" "ಕಿರುಬೆರಳು." "ಈಗ?" "ಹೆಬ್ಬೆರಳು… ಅಲ್ವಾ?" ನನ್ನನ್ನು ಕಂಡು ಆಕೆ ಪಿನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ದಿನಾ ಬೆಳಿಗ್ಗೆ ಹೀಗೆ ಪರೀಕ್ಷೆಯಂತೆ. ಕಾಲನ್ನು ನಂಬದೆ ಆ ಮನುಷ್ಯ ಸೈಕಲ್ ಬಿಟ್ಟಿದ್ದರು. ಒಬ್ಬರೇ ರಸ್ತೆ ದಾಟುವುದನ್ನೂ ಬಿಟ್ಟಿದ್ದರು.

ನಾನು ಮೆಟ್ಟಿಲ ಕೆಳಗೇ ನಿಂತು ಹೇಳಿದೆ. ರಾಡು, ತೂತು, ಕೆಂಪು ಚುಕ್ಕೆ, ಎಲ್ಲ. "ತಪ್ಪು ನಂದು ಅಣ್ಣಾ. ನೀವು ಕೇಳಿದ್ರಿ, ಆದ್ರೆ ಆಗಲ್ಲ ಅನ್ಬೇಕಾದೋನು ನಾನು. ಮಾಡಿದೋನು ನಾನು, ಮರೆತೋನು ನಾನು, ನಿಮ್ಮ ಮೇಲೆ ಹಾಕಿದೋನೂ ನಾನೇ."

ಅವರು ಬಲಗಾಲನ್ನು ಕೈಯಲ್ಲಿ ಸವರಿಕೊಂಡರು. ಆಮೇಲೆ ಕೇಳಿದರು, "ಹಂಗಾದ್ರೆ ನನ್ ಕಾಲು ಸರಿ ಇತ್ತಾ?"

"ಇತ್ತು ಅಣ್ಣಾ."

"ಅವತ್ತು ಚೂರು ಚುಚ್ಚಿದ್ದು ಎಡಗಾಲಿಗೆ ಕಣೋ. ಬ್ರೇಕ್ ಒತ್ತೋದು ಬಲಗಾಲಲ್ಲಿ. ನಂಗೂ ಆಗ ಹೊಳೀಲಿಲ್ಲ ನೋಡು. ನೀನು ಅಷ್ಟು ಗಟ್ಟಿಯಾಗಿ ಹೇಳಿದ್ಯಲ್ಲ, ಇರಬೌದು ಅನ್ನಿಸ್ಬಿಡ್ತು."

ಆಕೆ ಎದ್ದು ನಿಂತರು. "ನಿನ್ ಮೇಸ್ತ್ರಿತನಕ್ಕೆ ಬೆಂಕಿ ಹಾಕ! ಎಂಟು ತಿಂಗಳಿಂದ ಈ ಮನುಷ್ಯ ಸ್ನಾನದ ನೀರಿಗೆ ಕಾಲಿಡೋ ಮುಂಚೆ ನನ್ನ ಕೇಳ್ತಿದಾರೆ, ಬಿಸಿ ಇದ್ಯೇನೇ ಅಂತ. ಎಂಟು ಜನದ ಮುಂದೆ ಹೇಳಿದ್ಯಲ್ಲ, ಈ ಎಂಟು ತಿಂಗಳು ತಂದ್ಕೊಡ್ತೀಯಾ?" ನಾನು ಅಲ್ಲೇ ನಿಂತು ಅತ್ತೆ. ನಾಚಿಕೆಯಿಂದ ಅತ್ತದ್ದು ನನಗೆ ಅದೊಂದೇ ಸಲ.

ಡ್ರೈವರಣ್ಣ ಆಕೆಯನ್ನು ಸುಮ್ಮನಿರಿಸಿ, "ಗಾಡಿ ಎಲ್ಲಿದೆ?" ಎಂದರು.

ಮಾರನೇ ದಿನ ಬೆಳಿಗ್ಗೆ, ಖಾಲಿ ಗಾಡಿ. ರುದ್ರಭೂಮಿಗೆ ಹೋಗುವ ದಾರಿ. ಅವರು ಚಪ್ಪಲಿ ಬಿಟ್ಟು ಏರಿ ಕೂತರು. ಪೆಡಲ್ ಒತ್ತಿ ನೋಡಿ ಮುಖ ಸಣ್ಣದು ಮಾಡಿದರು. ಅರ್ಧ ಇಂಚು ವಾಪಸ್ ಬಂದಿತ್ತಲ್ಲ. "ನೀನು ಮುಂದೆ ನಡಿ" ಎಂದರು. "ಮಡಕೆ ಹಿಡಿದೋನು ನಡೆಯೋ ಜಾಗದಲ್ಲಿ. ನಿನಗೆ ಬೇಕಾದಾಗ ನಿಂತ್ಕೋ. ಹೇಳ್ಬೇಡ. ತಿರುಗಿ ನೋಡ್ಬೇಡ."

ನಡೆದೆ. ಬೆನ್ನಿಗೆ ನಾಲ್ಕು ಅಡಿ ದೂರದಲ್ಲಿ ಆ ಇಂಜಿನ್ನಿನ ಸದ್ದು, ಬೆನ್ನಿಗೇ ಬಡಿಯುವ ಅದರ ಬಿಸಿ. ಸುಳ್ಳು ಯಾಕೆ ಹೇಳಲಿ, ಮೊದಲ ಸಲ ನಿಲ್ಲುವಾಗ ಕಣ್ಣು ಮುಚ್ಚಿಕೊಂಡೆ. ಹಿಂದೆ ಗಾಡಿಯೂ ನಿಂತಿತು. ಮತ್ತೆ ನಡೆದೆ, ಥಟ್ಟನೆ ನಿಂತೆ. ಅದೂ ನಿಂತಿತು. ಹದಿನೈದು ಇಪ್ಪತ್ತು ಸಲ ಹೀಗಾಯಿತು. ಒಂದು ಸಲವೂ ಬಂಪರ್ ನನ್ನ ಅಂಗಿಗೆ ತಾಗಲಿಲ್ಲ. ಬಿಸಿಲೇರಿತು, ಡ್ರಮ್ಮು ಕಾದವು, ಬ್ರೇಕು ಮಾತ್ರ ಬಿಡಬೇಕಾದಾಗ ಬಿಟ್ಟಿತು. ಗೇಟಿನ ಹತ್ತಿರ ಇಂಜಿನ್ ಆರಿತು. ತಿರುಗಿ ನೋಡಬೇಡ ಎಂದಿದ್ದರಿಂದ ಹಾಗೇ ನಿಂತಿದ್ದೆ. ಹಿಂದಿನಿಂದ ಮೂಗೆಳೆದುಕೊಂಡ ಸದ್ದು ಕೇಳಿಸಿತು.

"ಸೋಮವಾರದಿಂದ ಬನ್ನಿ ಅಣ್ಣಾ, ಅಧ್ಯಕ್ಷರು ಹೇಳಿದಾರೆ" ಎಂದೆ.

ಅವರು ಇಳಿದು ಬಂದು ಕೀಯನ್ನು ನನ್ನ ಅಂಗೈಯಲ್ಲಿಟ್ಟರು. "ಆ ಹೊಸ ಡ್ರೈವರ್ ಹುಡುಗನಿಗೆ ಕೊಡು. ಚೆನ್ನಾಗಿ ಓಡಿಸ್ತಾನೆ" ಎಂದರು. ನಾನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ.

ವಠಾರದ ತನಕ ಜೊತೆಗೆ ಬಂದೆ. ದೊಡ್ಡ ರಸ್ತೆ ಬಂದಾಗ ಕೈ ಹಿಡಿಯಲು ಹೋದೆ, ತಳ್ಳಿ ಒಬ್ಬರೇ ದಾಟಿದರು. ಬಾಗಿಲಲ್ಲಿ ಕಾಯುತ್ತಿದ್ದ ಹೆಂಡತಿ, "ಏನಾಯ್ತು, ಸೀಟು ಕೊಟ್ರಾ?" ಎಂದು ಆತುರದಿಂದ ಕೇಳಿದರು.

"ಕೊಟ್ರು. ಅವತ್ತು ಬಿಡಿಸಿದ್ರು ಕಣೇ," ಎಂದರು ಡ್ರೈವರಣ್ಣ. "ಇವತ್ತು ನಾನೇ ಬಿಟ್ಟೆ."